ಗಸಿಯ ಮೇಲೆ ಪಕ್ವವಾಗುವ ವೈನ್: ಮೆಲೋನ್ ದ ಬುರ್ಗೋನ್ ದ್ರಾಕ್ಷಿಯ ಪರಿಚಯ

ಸಭಿಕರೇ,

ಫ್ರಾನ್ಸಿನ ಲ್ವಾರ್ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಸೀಮೆಯಲ್ಲಿ, ನಾಂತ್ ನಗರದ ಸುತ್ತಮುತ್ತ ಬೆಳೆಯುವ ಮೆಲೋನ್ ದ ಬುರ್ಗೋನ್ ಎಂಬ ಬಿಳಿ ದ್ರಾಕ್ಷಿಯ ಕುರಿತು ಇಂದು ಮಾತನಾಡುತ್ತೇನೆ. ಇದರಿಂದ ತಯಾರಾಗುವ ಮಸ್ಕಡೆ ಹಗುರವಾದ, ಸಿಹಿ ಉಳಿಯದ ಡ್ರೈ ವೈನ್. ಅದರಲ್ಲಿ ಆಲ್ಕೊಹಾಲ್ ಸಾಮಾನ್ಯವಾಗಿ ಶೇ. 12ರ ಆಸುಪಾಸಿನಲ್ಲಿರುತ್ತದೆ. ಪರಿಮಳ ಮಂದವೆಂಬ ಕಾರಣಕ್ಕೆ ಇದನ್ನು ಸಾಧಾರಣ ತಳಿಯೆಂದು ಬದಿಗೆ ಸರಿಸುವವರಿದ್ದಾರೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಇದರ ಗುಣವನ್ನು ಮೂಗಿಗಿಂತ ನಾಲಿಗೆಯಿಂದ ಅರಿಯಬೇಕು.

ಈ ತಳಿಯ ಮೂಲ ಬುರ್ಗೋನ್ ಪ್ರಾಂತ. ಡಿಎನ್‌ಎ ಪರೀಕ್ಷೆಗಳ ಪ್ರಕಾರ ಇದು ಪಿನೋ ಮತ್ತು ಗುವೆ ಬ್ಲಾಂ ತಳಿಗಳ ಸಂಕರ. ಜಗತ್ಪ್ರಸಿದ್ಧ ಶಾರ್ಡನೆ ಇದರ ಒಡಹುಟ್ಟು. 17ನೆಯ ಶತಮಾನದಲ್ಲಿ, ಬ್ರಾಂದಿ ಬಟ್ಟಿಯಿಳಿಸಲು ಬಿಳಿ ವೈನ್ ಬೇಕಾಗಿದ್ದ ಡಚ್ ವ್ಯಾಪಾರಿಗಳು ನಾಂತ್ ಸೀಮೆಯಲ್ಲಿ ಬಿಳಿ ದ್ರಾಕ್ಷಿಯ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟರು. 1709ರ ಭೀಕರ ಚಳಿಗೆ ಅಲ್ಲಿನ ಬಳ್ಳಿಗಳು ಸತ್ತುಹೋದ ಮೇಲೆ, ಚಳಿ ತಡೆಯಬಲ್ಲ ಮೆಲೋನ್ ಆ ತೋಟಗಳನ್ನು ತುಂಬುತ್ತ ಬಂತು. ಆದರೂ ಬೇಗನೆ ಚಿಗುರುವ ಈ ಬಳ್ಳಿಗೆ ವಸಂತದ ಹಿಮದ ಭಯ ತಪ್ಪಿಲ್ಲ. 1991ರ ಏಪ್ರಿಲ್ ತಿಂಗಳ ಹೆಪ್ಪುಗಟ್ಟಿಸುವ ಚಳಿಯು ಬೆಳೆಗಾರರಿಗೆ ಭಾರಿ ನಷ್ಟ ತಂದಿತು.

ಮಸ್ಕಡೆಯ ನಿಜವಾದ ಕುಶಲತೆ ಇರುವುದು ‘ಸುರ್ ಲಿ’ ಎಂಬ ಪದ್ಧತಿಯಲ್ಲಿ. ಹುದುಗುವಿಕೆ ಮುಗಿದಾಗ ಸತ್ತ ಯೀಸ್ಟ್ ಗಸಿಯಾಗಿ ತಳಕ್ಕಿಳಿಯುತ್ತದೆ. ಇಲ್ಲಿ ವೈನನ್ನು ಅದರಿಂದ ಬೇರ್ಪಡಿಸದೆ, ಚಳಿಗಾಲವಿಡೀ ಗಸಿಯ ಮೇಲೆಯೇ ಬಿಟ್ಟು, ಮಾರ್ಚ್ ತಿಂಗಳು ಬಂದ ಮೇಲೆಯೇ ನೇರವಾಗಿ ಸೀಸೆಗೆ ತುಂಬುತ್ತಾರೆ. ಯೀಸ್ಟ್ ಕಣಗಳು ನಿಧಾನವಾಗಿ ಒಡೆದು ಬಿಟ್ಟುಕೊಡುವ ಪದಾರ್ಥಗಳಿಂದ ತೆಳುವಾದ ವೈನಿಗೆ ಮೈ, ಎಂದರೆ ಬಾಯಿ ತುಂಬುವ ಸಾಂದ್ರತೆ, ಬರುತ್ತದೆ. ಗಸಿಯು ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ತಾಜಾತನ ಕೆಡುವುದಿಲ್ಲ. ಉಳಿದ ಇಂಗಾಲದ ಡೈಆಕ್ಸೈಡ್ ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುತ್ತದೆ. ಓಕ್ ಮರದ ಪೀಪಾಯಿಯ ವಾಸನೆ ಈ ನಯವಾದ ರುಚಿಯನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಅನೇಕರು ಪೀಪಾಯಿಯ ಬದಲು ನೆಲದೊಳಗಿನ ತೊಟ್ಟಿಗಳನ್ನು ಬಳಸುವುದನ್ನು ನಾನು ವಿವೇಕವೆಂದೇ ಭಾವಿಸುತ್ತೇನೆ.

ತಳಿಯ ಪರಿಮಳ ಮುಂದೆ ಬಂದು ನಿಲ್ಲದ ಕಾರಣ, ನೆಲದ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. 2011ರಲ್ಲಿ ಕ್ಲಿಸಾಂ, ಗೋರ್ಜ್ ಮತ್ತು ಲ ಪಲೆ ಗ್ರಾಮಗಳ ಹೆಸರಿಗೆ ಪ್ರತ್ಯೇಕ ಮನ್ನಣೆ ದೊರೆಯಿತು. ಇವುಗಳ ವೈನ್ ಸಾಮಾನ್ಯ ಮಸ್ಕಡೆಗಿಂತ ಬಹಳ ಹೆಚ್ಚು ಕಾಲ ಗಸಿಯ ಮೇಲಿರುತ್ತದೆ. ಗ್ರಾನೈಟ್ ನೆಲದ ಕ್ಲಿಸಾಂ ತುಂಬಿಕೊಂಡ ರುಚಿಯದು. ಗ್ಯಾಬ್ರೊ ಶಿಲೆಯ ಮೇಲೆ ಬೆಳೆದ ಗೋರ್ಜ್ ಬಿಗಿಯಾಗಿ, ತಡವಾಗಿ ತೆರೆದುಕೊಳ್ಳುತ್ತದೆ. ನನ್ನ ಒಲವು ಗೋರ್ಜ್ ಕಡೆಗೆ.

ಊಟದ ಜೊತೆಗೆ ಕರಾವಳಿಯವರು ಇದಕ್ಕೆ ಸಿಂಪಿಯನ್ನು ಹಸಿಯಾಗಿಯೇ ಹೊಂದಿಸುತ್ತಾರೆ: ಸಮುದ್ರದ ಉಪ್ಪಿಗೆ ಇದರ ಹುಳಿ ಸರಿಯಾಗಿ ಒದಗುತ್ತದೆ. ನಮ್ಮ ಮಂಗಳೂರಿನ ಮರುವಾಯಿ (ಚಿಪ್ಪುಮೀನು) ಸುಕ್ಕದ ಮಸಾಲೆಯ ಮುಂದೆ ಮಾತ್ರ ಇದು ನಿಲ್ಲದು. ಉಪ್ಪು ಹಾಕಿ ಬೇಯಿಸಿದ ಮರುವಾಯಿಗೆ ಒಪ್ಪೀತು. ತೀರ ತಣ್ಣಗೆ ಕುಡಿದರೆ ಗಸಿ ಕೊಟ್ಟ ಮೈ ತಿಳಿಯುವುದೇ ಇಲ್ಲವಾದ್ದರಿಂದ, ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸುವುದು ಉಚಿತ.