ನಾಲಿಗೆ ಬಿಟ್ಟರೂ ಬರಹ ಬಿಡದ ಅಕ್ಷರಗಳು

ಕೇಳುಗರಿಗೆ ನಮಸ್ಕಾರ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೆ ಇಂಗ್ಲಿಷ್ ಪಾಠದಲ್ಲಿ ಬಹುಬೇಗ ಎದುರಾಗುವ ತೊಡಕೆಂದರೆ ಸ್ಪೆಲಿಂಗು. ಬರೆದದ್ದನ್ನೆಲ್ಲ ಓದುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಮಗು, ಚಾಕು ಎಂಬ ಅರ್ಥದ ‘ನೈಫ್’ ಪದದ ಮೊದಲಿಗೆ ಕೆ ಅಕ್ಷರವನ್ನು ಏಕೆ ಬರೆಯಬೇಕೆಂದು ಕೇಳುತ್ತದೆ. ಕೇಳಲೇಬೇಕಾದ ಪ್ರಶ್ನೆ ಅದು. ‘ಇಂಗ್ಲಿಷ್ ಇರುವುದೇ ಹಾಗೆ, ಬಾಯಿಪಾಠ ಮಾಡು’ ಎಂಬ ಮಾತು ಅದಕ್ಕೆ ಉತ್ತರವಲ್ಲ. ಒಂದೇ ಮೌನಾಕ್ಷರವುಳ್ಳ ಪದಗಳನ್ನು ಒಂದೆಡೆ ಕೂಡಿಸಿಕೊಂಡು, ಅರ್ಥದೊಡನೆ, ಅವುಗಳ ಪೂರ್ವಕಥೆಯೊಡನೆ ಕಲಿತರೆ ಅವು ನೆನಪಿನಲ್ಲಿ ಉಳಿಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ವಿದ್ಯಾರ್ಥಿಗಳು ಪೆನ್ಸಿಲು, ಹಾಳೆ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಬೇಕಾದಲ್ಲಿ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಕೆ ಮತ್ತು ಎನ್ ಜೊತೆಯಾಗಿ ಬರುವ ಗುಂಪು. ಕೆ, ಎನ್, ಇ, ಇ ಎಂದು ಬರೆದರೆ ‘ನೀ’, ಅಂದರೆ ಮೊಣಕಾಲು. ಕೊನೆಗೆ ಎಲ್ ಸೇರಿದರೆ ‘ನೀಲ್’, ಮೊಣಕಾಲೂರುವುದು. ‘ನಕಲ್’ ಎಂದರೆ ಬೆರಳಿನ ಗೆಣ್ಣು, ‘ನಾಕ್’ ಎಂದರೆ ಬಾಗಿಲು ಬಡಿಯುವುದು. ಕೆ, ಎನ್, ಇ, ಎ, ಡಿ ಎಂಬುದು ‘ನೀಡ್’. ಅವ್ವ ಜೋಳದ ಹಿಟ್ಟಿಗೆ ಎಸರು ಹಾಕಿ ನಾದುತ್ತಾಳಲ್ಲ, ಆ ನಾದುವ ಕೆಲಸಕ್ಕೆ ಈ ಹೆಸರು. ಎನ್‌ನಿಂದಲೇ ಆರಂಭವಾಗಿ ಎರಡು ಇ ಇರುವ ‘ನೀಡ್’ ಬೇರೆ, ಅದರ ಅರ್ಥ ಬೇಕಾಗುವುದು. ಕಿವಿಗೆ ಒಂದೇ ಆಗಿ ಕೇಳಿಸುವ ಈ ಎರಡನ್ನು ಕಣ್ಣಿಗೆ ಬೇರೆ ಮಾಡಿ ತೋರಿಸುವುದರಲ್ಲಿ ಆ ಮೂಕ ಕೆ ಅಕ್ಷರದ ಪಾಲೂ ಇದೆ. ಇನ್ನು ‘ನಾಟ್’ ಎಂದರೆ ಗಂಟು, ಅದೇ ಮೂಲದಿಂದ ಬಂದ ‘ನಿಟ್’ ಎಂದರೆ ಹೆಣೆಯುವುದು. ಇಳಕಲ್ಲಿನ ಮಗ್ಗದಲ್ಲಿ ಹಾಸು ಹೊಕ್ಕುಗಳಿಂದ ಸೀರೆ ನೇಯುವುದಕ್ಕೆ ‘ನಿಟ್’ ಎನ್ನಬಾರದು, ಅದು ‘ವೀವ್’. ಒಂದೇ ದಾರವನ್ನು ಕುಣಿಕೆಯ ಮೇಲೆ ಕುಣಿಕೆಯಾಗಿ ಹೆಣೆದು ಸ್ವೆಟರ್ ಮಾಡುವುದು ‘ನಿಟ್’. ಆದರೆ ಮಗ್ಗದಲ್ಲಿ ಎಳೆ ಕಡಿದಾಗ ನೇಕಾರರು ಹಾಕುವ ಗಂಟು ಮಾತ್ರ ‘ನಾಟ್’ ಎಂಬುದೇ ಸರಿ.

ಈ ಕೆ ಮೊದಲಿನಿಂದ ಮೂಕವಾಗಿರಲಿಲ್ಲ. ಹಳೆಯ ಇಂಗ್ಲಿಷಿನವರು ಅದನ್ನು ಬಾಯಿತುಂಬ ಉಚ್ಚರಿಸುತ್ತಿದ್ದರು, ಇಂಗ್ಲಿಷಿನ ದಾಯಾದಿ ಭಾಷೆಯಾದ ಜರ್ಮನ್ನಿನಲ್ಲಿ ಮೊಣಕಾಲಿಗೆ ಇಂದಿಗೂ ‘ಕ್ನೀ’ ಎಂದೇ ಹೇಳುತ್ತಾರೆ. ಇಂಗ್ಲಿಷರ ನಾಲಿಗೆ ಆ ಕಕಾರವನ್ನು ಬಿಟ್ಟುಕೊಟ್ಟದ್ದು ಸುಮಾರು 17ನೆಯ ಶತಮಾನದಲ್ಲಿ. ಅಷ್ಟರೊಳಗೆ, 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ ಮೇಲೆ, ಮುದ್ರಣದ ಮೂಲಕ ಬರಹದ ರೂಪ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂದಿತ್ತು. ಮಾತು ಮುಂದೆ ಸಾಗಿತು, ಅಕ್ಷರ ಅಲ್ಲಿಯೇ ನಿಂತಿತು.

ಕನ್ನಡ ಹಿಡಿದ ದಾರಿ ಬೇರೆ. ಬಾದಾಮಿಯ ಬಂಡೆಗಲ್ಲಿನ ಮೇಲೆ, ಸುಮಾರು 700ರ ಕಾಲದ್ದೆಂದು ವಿದ್ವಾಂಸರು ಹೇಳುವ ಕಪ್ಪೆ ಅರಭಟ್ಟನ ಶಾಸನದಲ್ಲಿ ‘ಪೊಲ್ಲದು’ ಎಂಬ ಪದವಿದೆ. ಮುಂದೆ ಕನ್ನಡಿಗರ ಬಾಯಲ್ಲಿ ಪಕಾರ ಹಕಾರವಾದಾಗ ಬರಹವೂ ಅದನ್ನು ಹಿಂಬಾಲಿಸಿತು. ಪೊಲ್ಲದು ಹೊಲ್ಲದಾಯಿತು, ಪಾಲು ಹಾಲಾಯಿತು. ನಾವೂ ಇಂಗ್ಲಿಷರಂತೆ ಮಾಡಿದ್ದರೆ ಇಂದಿಗೂ ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದಬೇಕಾಗಿತ್ತು. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಇಂಗ್ಲಿಷಿನ ಕಾಗುಣಿತದ ಮೇಲಿನ ಭಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂದು ನಾನು ತಿಳಿದಿದ್ದೇನೆ.

ಎರಡನೆಯದು ಡಬ್ಲ್ಯೂ ಮತ್ತು ಆರ್ ಕೂಡಿದ ಗುಂಪು, ನನಗೆ ಬಹಳ ಪ್ರಿಯವಾದದ್ದು. ಇದರಲ್ಲಿ ಅಕ್ಷರದ ಜೊತೆಗೆ ಅರ್ಥವೂ ಒಂದಾಗಿ ಬರುತ್ತದೆ: ತಿರುಚುವುದು, ಹೊರಳಿಸುವುದು. ತೊಯ್ದ ಬಟ್ಟೆ ಹಿಂಡುವುದು ‘ರಿಂಗ್’, ಹೊರಳುವ ಮಣಿಕಟ್ಟು ‘ರಿಸ್ಟ್’, ಮುಖದ ಸುಕ್ಕು ‘ರಿಂಕಲ್’, ಹೂವು ಎಲೆಗಳನ್ನು ದುಂಡಗೆ ಸುತ್ತಿ ಮಾಡಿದ ಹಾರ ‘ರೀತ್’. ತಿರುಚಿ ಎಳೆಯುವುದು ‘ರೆಂಚ್’, ಗ್ಯಾರೇಜಿನವರು ಪಾನಾ ಎನ್ನುವ ಸಲಕರಣೆಗೂ ಅದೇ ಹೆಸರು. ಬೆಳಗಾವಿಯ ಅಖಾಡದಲ್ಲಿ ಪೈಲ್ವಾನರು ಒಬ್ಬರನ್ನೊಬ್ಬರು ಹಿಡಿದು ಹೊರಳಿಸುವ ಕುಸ್ತಿ ‘ರೆಸಲ್’. ತಪ್ಪು ಎಂಬ ಅರ್ಥದ ‘ರಾಂಗ್’ ಪದಕ್ಕೂ ಮೂಲದಲ್ಲಿದ್ದ ಅರ್ಥ ಸೊಟ್ಟಗಿರುವುದು, ಡೊಂಕಾಗಿರುವುದು ಎಂದೇ. ನಮ್ಮ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಲೋಕದ ತಪ್ಪನ್ನು ಡೊಂಕು ಎಂದೇ ಕರೆದರಲ್ಲವೆ? ಆದರೆ ಬರೆಯುವುದು ಎಂಬ ಅರ್ಥದ ‘ರೈಟ್’ ಈ ಸಾಲಿಗೆ ಸೇರದು. ಅದರ ಹಳೆಯ ಅರ್ಥ ಗೀರುವುದು, ಕೆತ್ತುವುದು.

ಮೂರನೆಯ ಜೋಡಿ ಜಿ ಮತ್ತು ಎಚ್. ರಾತ್ರಿ ಎಂಬ ಅರ್ಥದ ‘ನೈಟ್’, ಬೆಳಕು ಎಂಬ ಅರ್ಥದ ‘ಲೈಟ್’, ಎಂಟು ಎಂಬ ಅರ್ಥದ ‘ಏಟ್’, ಮಗಳು ಎಂಬ ಅರ್ಥದ ‘ಡಾಟರ್’ ಪದಗಳಲ್ಲಿ ಇವೆರಡೂ ಮೌನ. ಇಲ್ಲಿ ಹಿಂದೆ ಗಂಟಲಿನಿಂದ ಹೊರಡುವ ಒಂದು ಒರಟು ಧ್ವನಿಯಿತ್ತು. ನಿಶಾಚರ ರಾಕ್ಷಸರನ್ನು ನಮ್ಮ ಕಾವ್ಯಗಳು ನಕ್ತಂಚರರು ಎನ್ನುತ್ತವೆ; ಆ ‘ನಕ್ತ’ ಮತ್ತು ಇಂಗ್ಲಿಷಿನ ‘ನೈಟ್’ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದ ಪದಗಳು. ಸಂಸ್ಕೃತದಲ್ಲಿ ಕಕಾರವಿರುವ ಜಾಗದಲ್ಲಿಯೇ ಇಂಗ್ಲಿಷಿನಲ್ಲಿ ಜಿ, ಎಚ್ ಕುಳಿತಿವೆ. ಮಗಳೆಂಬ ಅರ್ಥದ ‘ದುಹಿತೃ’ ಪದದ ಹಕಾರಕ್ಕೆ ಎದುರಾಗಿ ‘ಡಾಟರ್’ ಪದದಲ್ಲಿಯೂ ಅವೇ ಇವೆ. ಕೆಲವು ಪದಗಳಲ್ಲಿ ಆ ಧ್ವನಿ ಅಳಿಯದೆ ಫಕಾರವಾಯಿತು: ‘ಲಾಫ್’ ನಗು, ‘ಕಾಫ್’ ಕೆಮ್ಮು, ‘ರಫ್’ ಒರಟು, ‘ಟಫ್’ ಗಟ್ಟಿ, ‘ಇನಫ್’ ಸಾಕು.

ಎಂ ಮತ್ತು ಬಿ ಕೊನೆಗೆ ಬರುವ ಪದಗಳನ್ನು ವಿಜಯಪುರದ ಮಕ್ಕಳು ಗೋಳಗುಮ್ಮಟದ ಮುಂದೆಯೇ ಕಲಿಯಬಹುದು. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನ ಗೋರಿ ಅದು. ಗೋರಿಗೆ ಇಂಗ್ಲಿಷಿನಲ್ಲಿ ‘ಟೂಮ್’. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆಗೆ ಹೋಗುವುದು ‘ಕ್ಲೈಮ್’. ಕುರಿಮರಿ ‘ಲ್ಯಾಮ್’, ಬಾಚಣಿಕೆ ‘ಕೋಮ್’. ಬರೆಯುವಾಗ ಎಲ್ಲದರ ಕೊನೆಗೂ ಬಿ ಇರಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಮೌನಾಕ್ಷರಗಳೂ ಹಳೆಯ ಉಚ್ಚಾರದ ಗುರುತುಗಳಲ್ಲ. ಸಾಲ ಎಂಬ ಅರ್ಥದ ‘ಡೆಟ್’, ಸಂಶಯ ಎಂಬ ಅರ್ಥದ ‘ಡೌಟ್’ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದಾಗ ಅವುಗಳಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಮೂಲ ಕಾಣಲೆಂದು ಪಂಡಿತರು ಅದನ್ನು ತುರುಕಿದರು. ಆನಂದ ಎಂಬ ಅರ್ಥದ ‘ಡಿಲೈಟ್’ ಪದಕ್ಕೂ ಬೆಳಕಿನ ‘ಲೈಟ್’ ಪದಕ್ಕೂ ಹುಟ್ಟಿನ ಸಂಬಂಧವಿಲ್ಲದಿದ್ದರೂ ಅದರ ಜಿ, ಎಚ್ ಇದಕ್ಕೆ ಅಂಟಿಕೊಂಡವು. ಅಕ್ಷರಜೋಡಿಗೊಂದರಂತೆ ನೋಟುಬುಕ್ಕಿನಲ್ಲಿ ಪುಟ ಮಾಡಿಕೊಂಡವರು ಇಂಥ ಪದಗಳನ್ನು ಪುಟದ ಕೆಳಭಾಗದಲ್ಲಿ, ಒಂದು ಗೆರೆ ಎಳೆದು, ಬೇರೆಯಾಗಿ ಬರೆದುಕೊಳ್ಳಿರಿ. ನಮಸ್ಕಾರ.