ಬೇಕು ಸಾರ್, ಆದ್ರೆ ಕ್ಲಾಸಿಗೆ ತರಲ್ಲ

ಎಲ್ರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಲ್ಲಿ ಹಿಸ್ಟರಿ ಪಾಠ ಮಾಡೋ ಮೇಷ್ಟ್ರು. ನಮ್ ಹುಡುಗ್ರನ್ನ ಲ್ಯಾಪ್‌ಟಾಪ್ ಬೇಕಾ ಅಂತ ಕೇಳಿದ್ರೆ ಎಲ್ರೂ ಬೇಕು ಸಾರ್ ಅಂತಾರೆ, ಕ್ಲಾಸಿಗೆ ತರ್ತೀರಾ ಅಂದ್ರೆ ತಲೆ ಕೆರ್ಕೋತಾರೆ. ಸೆಮಿನಾರಿಗೆ ಪಿಪಿಟಿ ಮಾಡಕ್ಕೆ, ಪ್ರಾಜೆಕ್ಟ್ ರಿಪೋರ್ಟಿಗೆ, ಸ್ವಯಂ ಅನ್ನೋ ಸರ್ಕಾರಿ ಆನ್‌ಲೈನ್ ಕೋರ್ಸಿನ ವಿಡಿಯೋಗೆ, ರಾತ್ರಿ ಹಾಸ್ಟೆಲಲ್ಲಿ ನಾಲ್ಕು ಜನ ಸೇರಿ ಸಿನಿಮಾ ನೋಡಕ್ಕೆ (ಇದನ್ನ ನನ್ ಹತ್ರ ಹೇಳಲ್ಲ, ಮಾರನೇ ದಿನ ಮುಖ ನೋಡಿದ್ರೇ ಗೊತ್ತಾಗತ್ತೆ ಬಿಡಿ) ಎಲ್ಲಾದಕ್ಕೂ ಲ್ಯಾಪ್‌ಟಾಪೇ. ಓದೋದು ಮಾತ್ರ ಜೆರಾಕ್ಸ್ ಶೀಟಲ್ಲಿ.

ಅಮೆರಿಕದಲ್ಲಿ ಇದ್ರ ಬಗ್ಗೆ ಬೇರೆ ಥರದ ಜಗಳ: ಕ್ಲಾಸಲ್ಲಿ ನೋಟ್ಸ್ ಪೆನ್ನಲ್ಲಿ ಬರೀಬೇಕಾ, ಲ್ಯಾಪ್‌ಟಾಪಲ್ಲಿ ಟೈಪ್ ಮಾಡ್ಬೇಕಾ ಅಂತ. 2014ರಲ್ಲಿ ಮ್ಯೂಲರ್, ಓಪನ್‌ಹೈಮರ್ ಅನ್ನೋ ಇಬ್ರು ಮನಶ್ಶಾಸ್ತ್ರ ಸಂಶೋಧಕರು ಪ್ರಯೋಗ ಮಾಡಿ, ಟೈಪ್ ಮಾಡೋರು ಮೇಷ್ಟ್ರು ಹೇಳಿದ್ದನ್ನ ಅಕ್ಷರಕ್ಕಕ್ಷರ ಇಳಿಸ್ಕೋತಾರೆ, ಕೈಲಿ ಬರೆಯೋರಿಗೆ ಅಷ್ಟು ಸ್ಪೀಡು ಬರದೇ ಇರೋದ್ರಿಂದ ತಲೇಲಿ ಅರೆದು ಬರೀತಾರೆ, ಅದಕ್ಕೇ ಅರ್ಥ ಚೆನ್ನಾಗಾಗತ್ತೆ ಅಂದ್ರು. ಆಮೇಲೆ ಬೇರೆಯೋರು ಅದನ್ನೇ ಮತ್ತೆ ಮಾಡಿದಾಗ ಅಷ್ಟೇನೂ ವ್ಯತ್ಯಾಸ ಕಾಣ್ಲಿಲ್ಲ. ಕೆನಡಾದಲ್ಲಿ 2013ರ ಇನ್ನೊಂದು ಪ್ರಯೋಗ ನಂಗೆ ಹೆಚ್ಚು ನಿಜ ಅನ್ಸತ್ತೆ: ಪಾಠದ ಮಧ್ಯ ಲ್ಯಾಪ್‌ಟಾಪಲ್ಲಿ ಬೇರೆ ಏನೋ ಮಾಡೋನಿಗೆ ಮಾರ್ಕ್ಸ್ ಕಮ್ಮಿ ಬರತ್ತೆ, ಅವನ ಸ್ಕ್ರೀನ್ ಕಾಣೋ ಹಾಗೆ ಕೂತೋನಿಗೂ ಕಮ್ಮಿ ಬರತ್ತೆ!

ಆದ್ರೆ ಈ ಪೆನ್ನು-ಕೀಬೋರ್ಡ್ ಜಗಳ ನಮ್ ಕ್ಲಾಸಿಗೆ ಹೊಂದಲ್ಲ. ಯಾಕಂದ್ರೆ ನಾವು ಮೇಷ್ಟ್ರುಗಳು ನೋಟ್ಸ್ ಡಿಕ್ಟೇಟ್ ಮಾಡೋರು, ಕಾಮಾ ಫುಲ್‌ಸ್ಟಾಪ್ ಸಮೇತ, ಹಾಗಾಗಿ ನಮ್ ಹುಡುಗ್ರು ಪೆನ್ನಲ್ಲೂ ಅಕ್ಷರಕ್ಕಕ್ಷರ ಇಳಿಸ್ಕೊಳ್ಳೋರೇ, ಅರೆಯೋದೆಲ್ಲಿ ಬಂತು? ಇನ್ನು ಕನ್ನಡ ಮೀಡಿಯಮ್ಮೋರ ಕಷ್ಟ ಬೇರೆ. ಮೊಬೈಲಲ್ಲಿ ಕಂಗ್ಲಿಷ್ ಪಟಪಟ ಕುಟ್ಟೋ ಹುಡುಗೀನೇ ಲ್ಯಾಪ್‌ಟಾಪಲ್ಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಓಪನ್ ಮಾಡಿದ್ರೆ ಒತ್ತಕ್ಷರ ಹುಡುಕ್ತಾ ಕೂರ್ತಾಳೆ. ಒಬ್ಳು ಹೇಳಿದ್ಲು, "ಸಾರ್, ನಾನು ಸ್ವಾತಂತ್ರ್ಯ ಅಂತ ಟೈಪ್ ಮಾಡಿ ಮುಗಿಸೋಷ್ಟ್ರಲ್ಲಿ ನೀವು 1947 ದಾಟಿ ಹೋಗಿರ್ತೀರಿ" ಅಂತ. ಮೇಲಿಂದ ಸೆಮಿಸ್ಟರ್ ಎಕ್ಸಾಮು ಪೆನ್ನಲ್ಲೇ ಬರೀಬೇಕು, ಕೈ ನೋಯೋ ಅಭ್ಯಾಸ ತಪ್ಪಬಾರ್ದು ಅನ್ನೋದು ಅವರ ಲೆಕ್ಕ. ಸೋಮಾರಿಗಳು ಅಂತ ಬೈತಿದ್ದೆ, ಈಗ ಬೈಯಲ್ಲ.

ಈ ಸೆಮಿಸ್ಟರಲ್ಲಿ ನಾನೇ ಡಿಕ್ಟೇಟ್ ಮಾಡೋದು ನಿಲ್ಸಿದೆ. ಎರಡು ವಾರಕ್ಕೇ ಬಂದ್ರು, ಸಾರ್ ಪಿಡಿಎಫ್ ಆದ್ರೂ ಗ್ರೂಪಿಗೆ ಹಾಕಿ ಅಂತ. ಸರಿ, ಹೇಗಿದ್ರೂ ಲ್ಯಾಪ್‌ಟಾಪ್ ಇದೆಯಲ್ಲ, ಅದ್ರಲ್ಲೇ ಓದ್ಲಿ ಅಂತ ಹಾಕಿದೆ. ಮಾರನೇ ದಿನ ಹೋದ್ರೆ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸ್ಕೊಂಡು, ಪಿನ್ ಹೊಡೆಸ್ಕೊಂಡು, ಸ್ಕೇಲ್ ಇಟ್ಟು ಕೆಂಪು ಪೆನ್ನಲ್ಲಿ ಗೆರೆ ಎಳೀತಾ ಕೂತಿದ್ರು.