ಎಂಬತ್ತು ಪಟ್ಟು ದೊಡ್ಡದಾಗಿ ಕಂಡರೆ ಸಾಕೇ? ಗುರಿಕಾರರ ಹೊಸ ಸ್ಕೋಪು, ಹೊಸ ಸಲಕರಣೆ

ಎಲ್ಲರಿಗೂ ನಮಸ್ಕಾರ.

ರೈಫಲ್ಲಿನ ಮೇಲೆ ಕೂರುವ ದೂರದರ್ಶಕ, ಅಂದರೆ ಹೊಸ ಸ್ಕೋಪಿನ ಮಾತು ಬಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಎಕ್ಸ್?", ಅಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ? ಕೇಳುವವರದ್ದೇನೂ ತಪ್ಪಿಲ್ಲ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದೂ ಅದೇ. ಜಪಾನಿನ ಮಾರ್ಚ್ ಕಂಪನಿಯದು 8ರಿಂದ 80 ಪಟ್ಟು ಹಿಗ್ಗಿಸುವ ಸ್ಕೋಪಿದೆ. ನೈಟ್‌ಫೋರ್ಸ್‌ನದು 15–55, ಆಸ್ಟ್ರಿಯಾದ ಕಾಹ್ಲೆಸ್‌ನದು 10–50. ಇವೆಲ್ಲ ಒಳ್ಳೆಯ ಸಾಮಾನುಗಳೇ. ಆದರೆ ಅಂಕ ತಂದುಕೊಡುವುದು ಈ ದೊಡ್ಡ ಸಂಖ್ಯೆಯಲ್ಲ. ಮೊದಲ ಗುಂಡಿಗೆ ಎಲ್ಲಿ ತೋರಿಸಿತೋ ನೂರನೆಯ ಗುಂಡಿಗೂ ಅಲ್ಲೇ ತೋರಿಸುವ ಗುಣ, ಗುರಿ ಹೊಂದಿಸುವ ತಿರುಪನ್ನು ತಿರುಗಿಸಿದಷ್ಟೇ ತಿರುಗಿ ಮತ್ತೆ ಹೊರಟ ಮನೆಗೇ ಬರುವ ಗುಣ. ಅದನ್ನು ಯಾರೂ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದಿಲ್ಲ. ಹಾಗಾಗಿ ಇವತ್ತಿನ ಮಾತು ಅದರ ಸುತ್ತಲೇ ಹೆಚ್ಚು ಸುತ್ತುತ್ತದೆ.

ನೀವು ಯಾವ ಸ್ಪರ್ಧೆಗೆ ಇಳಿಯುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್, 50 ಮೀಟರ್ ಮೂರು ಭಂಗಿಯ ಸ್ಪರ್ಧೆಗಳಲ್ಲಿ ದೂರದರ್ಶಕ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿರುವುದು ಹಿಂದೆ ಸಣ್ಣ ರಂಧ್ರ, ಮುಂದೆ ಉಂಗುರ, ಅಷ್ಟೇ. ಆ ಸ್ಪರ್ಧೆಗೆ ತಯಾರಿ ನಡೆಸುವ ಮಕ್ಕಳ ತಂದೆತಾಯಿ ಸ್ಕೋಪಿನ ಬೆಲೆ ವಿಚಾರಿಸುವುದನ್ನು ಕಂಡಿದ್ದೇನೆ. ಆ ಹಣ ಜಾಕೆಟ್ಟಿಗೂ ಪೆಲೆಟ್ಟಿಗೂ (ಏರ್ ರೈಫಲ್ಲಿನ ಪುಟ್ಟ ಗುಂಡು) ಹೋಗಲಿ. ಸ್ಕೋಪು ಬೇಕಾಗುವುದು ಬೆಂಚ್‌ರೆಸ್ಟ್, ಎಫ್-ಕ್ಲಾಸ್, ಫೀಲ್ಡ್ ಟಾರ್ಗೆಟ್, ಪ್ರಿಸಿಷನ್ ರೈಫಲ್ ಇಂಥವುಗಳಿಗೆ. ಎಫ್-ಕ್ಲಾಸ್‌ನ 'ಎಫ್' ಕೆನಡಾದ ಜಾರ್ಜ್ ಫಾರ್ಕರ್ಸನ್ ಅವರ ಹೆಸರಿನಿಂದ ಬಂದದ್ದು. ಮಲಗಿಕೊಂಡು, ರೈಫಲ್ಲಿಗೆ ಆಸರೆ ಕೊಟ್ಟು, ಸ್ಕೋಪಿನಲ್ಲಿ ನೋಡಿ ಹೊಡೆಯುವ ಆಟ. ವಯಸ್ಸಾಗಿ ಕಣ್ಣು ಮಂಜಾದವರೂ ಇದರಲ್ಲಿ ಗೆಲ್ಲುತ್ತಾರೆ.

ಈಗ ವರ್ಧನೆಗೆ ಬರೋಣ. ಸ್ಕೋಪಿನ ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ, ನಿಮ್ಮ ಕಣ್ಣಿಗೆ ತಲುಪುವ ಬೆಳಕಿನ ಕಂಬ ಎಷ್ಟು ದಪ್ಪವೆಂದು ಸಿಗುತ್ತದೆ. 50 ಮಿ.ಮೀ. ಮಸೂರ, 25 ಪಟ್ಟು ವರ್ಧನೆ ಇದ್ದರೆ 2 ಮಿ.ಮೀ. ಹಗಲಿನಲ್ಲಿ ಕಣ್ಣಿನ ಪಾಪೆ 2–4 ಮಿ.ಮೀ. ತೆರೆದಿರುತ್ತದೆ, ಆದ್ದರಿಂದ ಇಲ್ಲಿಯವರೆಗೆ ಅಡ್ಡಿಯಿಲ್ಲ. ಅದೇ ಸ್ಕೋಪನ್ನು 50 ಪಟ್ಟಿಗೆ ಏರಿಸಿದರೆ ಕಂಬ 1 ಮಿ.ಮೀ.ಗೆ ಇಳಿಯುತ್ತದೆ. ಚಿತ್ರ ಮಸುಕಾಗುತ್ತದೆ, ತಲೆ ಕೂದಲೆಳೆಯಷ್ಟು ಸರಿದರೂ ಕಪ್ಪು ಕವಿಯುತ್ತದೆ. ಇದರ ಮೇಲೆ ಬಿಸಿಲ್ಗುದುರೆ ಬೇರೆ. ಬಿಸಿಲೇರಿ ನೆಲ ಕಾದ ಮೇಲೆ ಸ್ಕೋಪು ಗುರಿಯನ್ನೂ ಹಿಗ್ಗಿಸುತ್ತದೆ, ನಡುವೆ ಕುದಿಯುವ ಗಾಳಿಯನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ದೂರದ ಸ್ಪರ್ಧೆಗಳಲ್ಲಿ ಪಳಗಿದವರು ಬೆಳಗ್ಗೆ ನಲವತ್ತರಲ್ಲಿ ಶುರುಮಾಡಿ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೈದಕ್ಕೆ ಇಳಿಸಿರುತ್ತಾರೆ. ಆ ಅಲೆಗಳು ಯಾವ ಕಡೆಗೆ ಹರಿಯುತ್ತಿವೆ ಎಂಬುದರಿಂದಲೇ ಗಾಳಿಯ ದಿಕ್ಕನ್ನೂ ಓದುತ್ತಾರೆ. ಅಂದರೆ ಬಿಸಿಲ್ಗುದುರೆ ಪೂರ್ತಿ ಶತ್ರುವೇನಲ್ಲ.

ಗಾಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಲೆಕ್ಕ ಸಾಕು. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು 4 ಪ್ರತಿಶತ ಬೆಳಕು ಹಿಂದಕ್ಕೆ ಹೊಳೆದು ಹೋಗುತ್ತದೆ. ಅಂಥ ಹತ್ತು ಮೇಲ್ಮೈ ದಾಟಿದರೆ ಉಳಿಯುವುದು ಮೂರನೇ ಎರಡು ಪಾಲು. ಬಹುಪದರದ ಲೇಪವಿದ್ದರೆ ಪ್ರತಿ ಮೇಲ್ಮೈಗೆ ಅರ್ಧ ಪ್ರತಿಶತ ನಷ್ಟ, ಹತ್ತು ದಾಟಿದ ಮೇಲೂ 95 ಪ್ರತಿಶತ ಕೈಯಲ್ಲಿರುತ್ತದೆ. ಲೇಪದ ವಿದ್ಯೆಯನ್ನು ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಕುಲಾ ಕಂಡುಹಿಡಿದದ್ದು 1935ರಲ್ಲಿ, ಬಹುಪದರದ್ದು ಬಂದದ್ದು ಆಮೇಲೆ. ಇವತ್ತು ಮಧ್ಯಮ ಬೆಲೆಯ ಸ್ಕೋಪಿನಲ್ಲೂ ಅದು ಸಿಗುತ್ತದೆ. ಹಾಗಾಗಿ ಗಾಜಿನ ವಿಷಯದಲ್ಲಿ ಮಧ್ಯಮ ಬೆಲೆಗೂ ಅತಿ ದುಬಾರಿಗೂ ನಡುವಿನ ಅಂತರ ಮೊದಲಿನಷ್ಟು ಉಳಿದಿಲ್ಲ. ನನ್ನ ಪ್ರಕಾರ ಅಂತರ ಉಳಿದಿರುವುದು ಟರೆಟ್ಟಿನಲ್ಲಿ, ಅಂದರೆ ಗುಂಡು ಬೀಳುವ ಜಾಗವನ್ನು ಮೇಲೆ ಕೆಳಗೆ, ಅಕ್ಕಪಕ್ಕ ಸರಿಸಲು ಸ್ಕೋಪಿನ ಮೇಲಿರುವ ತಿರುಪಿನಲ್ಲಿ.

ಟರೆಟ್ಟಿನ ಕ್ಲಿಕ್ಕುಗಳಲ್ಲಿ ಕೋನ ಅಳೆಯುವ ಎರಡು ಪದ್ಧತಿ. ಮಿಲ್ ಎಂದರೆ 100 ಮೀಟರಿಗೆ 10 ಸೆಂ.ಮೀ.; 0.1 ಮಿಲ್‌ನ ಒಂದು ಕ್ಲಿಕ್ಕಿಗೆ 1 ಸೆಂ.ಮೀ. ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, 100 ಗಜಕ್ಕೆ 1.047 ಅಂಗುಲ. ಯಾವುದು ಮೇಲು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ರೆಟಿಕಲ್ಲೂ (ಸ್ಕೋಪಿನೊಳಗೆ ಕಾಣುವ ಗುರಿಗೆರೆ) ಟರೆಟ್ಟೂ ಒಂದೇ ಅಳತೆಯಲ್ಲಿರಲಿ, ಅಷ್ಟು ನೋಡಿಕೊಳ್ಳಿ. ಇನ್ನೊಂದು ಗುಟ್ಟಿದೆ: ಕೆಲವು ಸ್ಕೋಪುಗಳ ಮೇಲೆ ಎಂಒಎ ಎಂದು ಬರೆದಿದ್ದರೂ ಒಳಗಿರುವುದು 100 ಗಜಕ್ಕೆ ಸರಿಯಾಗಿ ಒಂದಂಗುಲ. 100 ಗಜದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 1000 ಗಜಕ್ಕೆ 30 ಎಂಒಎ ಏರಿಸಿದಾಗ ಗುಂಡು 14 ಅಂಗುಲ ಕೆಳಗೆ ಬೀಳುತ್ತದೆ. ಅಮೆರಿಕದ ನಿಯಮದ ಎಫ್-ಕ್ಲಾಸ್ ಗುರಿಹಲಗೆಯಲ್ಲಿ ಹತ್ತರ ಉಂಗುರ ಇರುವುದೇ ಹೆಚ್ಚುಕಡಿಮೆ ಒಂದು ಎಂಒಎ ಅಗಲ, 1000 ಗಜದಲ್ಲಿ ಹತ್ತು ಅಂಗುಲ. ಅದರೊಳಗಿನ ಎಕ್ಸ್ ಉಂಗುರ ಅದರರ್ಧ. ಆ ಆಟದಲ್ಲಿ ಎಂಟನೇ ಒಂದು ಎಂಒಎ ಕ್ಲಿಕ್ಕು ಯಾಕೆ ಬೇಕು ಎಂಬುದು ಇಲ್ಲೇ ಅರ್ಥವಾಗುತ್ತದೆ.

ಹೊಸ ಸ್ಕೋಪು ಮನೆಗೆ ಬಂದ ಮೇಲೆ ಮಾಡಬೇಕಾದ ಪರೀಕ್ಷೆಯೊಂದಿದೆ, ಒಂದೇ ಒಂದು ಗುಂಡು ಖರ್ಚಾಗುವುದಿಲ್ಲ. 100 ಮೀಟರ್ ದೂರದಲ್ಲಿ ಎತ್ತರದ ಹಲಗೆ ನಿಲ್ಲಿಸಿ. ಮೇಲಿಂದ ತೂಗುಗುಂಡು ಇಳಿಬಿಟ್ಟು, ಅದರ ದಾರದ ಗುಂಟ ಗೆರೆ ಎಳೆದು, ಮೇಲ್ತುದಿಯಿಂದ ಸೆಂಟಿಮೀಟರ್ ಗುರುತು ಹಾಕಿ. ಸ್ಕೋಪನ್ನು ಅಲುಗದ ಹಿಡಿಕೆಗೆ ಬಿಗಿದು ರೆಟಿಕಲ್ಲಿನ ನಡುವನ್ನು ಮೇಲಿನ ಗುರುತಿಗೆ ಕೂಡಿಸಿ. ಎತ್ತರದ ಟರೆಟ್ಟನ್ನು 'ಮೇಲೆ' ಎಂಬ ದಿಕ್ಕಿಗೆ 10 ಮಿಲ್ ತಿರುಗಿಸಿದರೆ ರೆಟಿಕಲ್ ಗೆರೆಯ ಗುಂಟ ಕೆಳಗಿಳಿಯುತ್ತದೆ. ಸರಿಯಾಗಿ 1 ಮೀಟರ್ ಇಳಿಯಬೇಕು. 98 ಸೆಂ.ಮೀ. ಇಳಿದರೆ ನಿಮ್ಮ ಸ್ಕೋಪು 2 ಪ್ರತಿಶತ ಸುಳ್ಳು ಹೇಳುತ್ತಿದೆ. 900 ಮೀಟರಿನಲ್ಲಿ ಆ ಸುಳ್ಳಿನ ಬೆಲೆ 18 ಸೆಂ.ಮೀ. ಇಳಿಯುವಾಗ ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಒಳಗಿನ ರೆಟಿಕಲ್ ಓರೆಯಾಗಿದೆ, ಇಲ್ಲವೇ ನೀವೇ ಓರೆಯಾಗಿ ಬಿಗಿದಿದ್ದೀರಿ. ಮತ್ತೆ ಸೊನ್ನೆಗೆ ತನ್ನಿ, ಹೊರಟಲ್ಲಿಗೇ ಬಂತೇ ನೋಡಿ. ಇಪ್ಪತ್ತು ಸಲ ಹೀಗೆ ಏರಿಳಿಸಿ. ದೂರವನ್ನು ಮಾತ್ರ ಹೆಜ್ಜೆ ಎಣಿಸಿ ಅಳೆಯಬೇಡಿ, ಟೇಪು ಹಿಡಿಯಿರಿ: ದೂರದಲ್ಲಿ 2 ಮೀಟರ್ ತಪ್ಪಿದರೆ ಅದೂ 2 ಪ್ರತಿಶತವೇ, ಇಲ್ಲದ ದೋಷ ಸ್ಕೋಪಿನ ತಲೆಗೆ ಬರುತ್ತದೆ. ತಪ್ಪು ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿದ್ದರೆ ಹೆದರಬೇಕಾಗಿಲ್ಲ, ಲೆಕ್ಕದಲ್ಲಿ ಸರಿಮಾಡಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಥರ ಬರುವ ಸ್ಕೋಪನ್ನು ಮಾತ್ರ ಅವತ್ತೇ ಅಂಗಡಿಗೆ ಹಿಂದಿರುಗಿಸಿ. ಈಗಿನ ಟರೆಟ್ಟುಗಳಲ್ಲಿ ಬರುವ ಝೀರೋ ಸ್ಟಾಪ್ (ಸೊನ್ನೆಗೆ ಬಂದಾಗ ತಿರುಪನ್ನು ತಡೆಯುವ ಏರ್ಪಾಡು), ಬೀಗದ ವ್ಯವಸ್ಥೆ ಇವೆಲ್ಲ ಬೆಲೆಗೆ ತಕ್ಕ ಸೌಲಭ್ಯಗಳು. ಒಂದು ಪೂರ್ತಿ ಸುತ್ತು ತಪ್ಪಿ ಗುಂಡು ದಿಬ್ಬ ದಾಟುವ ಪ್ರಸಂಗವನ್ನು ಅವು ತಪ್ಪಿಸುತ್ತವೆ.

ರೆಟಿಕಲ್ ಮೊದಲ ಫೋಕಲ್ ತಳದಲ್ಲಿರಬೇಕೋ ಎರಡನೆಯದರಲ್ಲೋ? ಮೊದಲನೆಯದರಲ್ಲಿ ವರ್ಧನೆಯ ಜೊತೆ ರೆಟಿಕಲ್ಲೂ ಹಿಗ್ಗುತ್ತದೆ, ಎರಡನೆಯದರಲ್ಲಿ ಇದ್ದಷ್ಟೇ ಇರುತ್ತದೆ. ಗುರಿಯ ದೂರ ಪದೇ ಪದೇ ಬದಲಾಗುವ ಪ್ರಿಸಿಷನ್ ರೈಫಲ್ ಸ್ಪರ್ಧೆಗೆ ಮೊದಲನೆಯದು: ವರ್ಧನೆ ಎಷ್ಟಿದ್ದರೂ ರೆಟಿಕಲ್ಲಿನ ಅಳತೆ ಸುಳ್ಳಾಗುವುದಿಲ್ಲ. ಒಂದೇ ದೂರಕ್ಕೆ ಹೊಡೆಯುವವರಿಗೆ ಎರಡನೆಯದು: ಗೆರೆ ತೆಳುವಾಗಿ ಉಳಿಯುತ್ತದೆ. ಇಷ್ಟೇ ವಿಷಯ, ಇದರ ಮೇಲೆ ಗಂಟೆಗಟ್ಟಲೆ ವಾದ ಯಾಕೆ ನಡೆಯುತ್ತದೋ ಕಾಣೆ.

ಪ್ಯಾರಲಾಕ್ಸ್ ಮಾತ್ರ ನಿಧಾನವಾಗಿ ನೋಡಬೇಕಾದ ಸಂಗತಿ. ಗುರಿಯ ಬಿಂಬವೂ ರೆಟಿಕಲ್ಲೂ ಒಂದೇ ತಳದಲ್ಲಿ ಕೂರದಿದ್ದರೆ, ಕಣ್ಣು ಸರಿದಂತೆ ಗುರಿಯ ಮೇಲೆ ರೆಟಿಕಲ್ ತೇಲುತ್ತದೆ. ಎಷ್ಟು ತೇಲಬಹುದು? 40 ಮಿ.ಮೀ. ಮಸೂರದ ಸ್ಕೋಪನ್ನು 100 ಮೀಟರಿಗೆ ಕೂಡಿಸಿ 50 ಮೀಟರಿಗೆ ಹೊಡೆದರೆ, ಕಣ್ಣು ತೀರಾ ಅಂಚಿಗೆ ಹೋದಾಗ 10 ಮಿ.ಮೀ.ವರೆಗೆ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ಉಂಗುರದ ವ್ಯಾಸ 10.4 ಮಿ.ಮೀ. ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಪರೀಕ್ಷೆ ಸುಲಭ. ಮೊದಲು ಕಣ್ಣಿನ ಕಡೆಯ ಮಸೂರವನ್ನು ತಿರುಗಿಸಿ, ಬರೀ ಆಕಾಶ ನೋಡುತ್ತಾ (ಸೂರ್ಯನ ಕಡೆ ಬೇಡ) ರೆಟಿಕಲ್ ಕಡುಕಪ್ಪಾಗಿ ಕಾಣುವಂತೆ ಮಾಡಿಕೊಳ್ಳಿ. ಮತ್ತೆ ಅದನ್ನು ಮುಟ್ಟಬೇಡಿ. ರೈಫಲ್ಲನ್ನು ಮೂಟೆಯ ಮೇಲೆ ಭದ್ರವಾಗಿ ಕೂರಿಸಿ, ಕೈ ತೆಗೆದು, ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ. ರೆಟಿಕಲ್ ನಿಂತಲ್ಲೇ ನಿಲ್ಲುವವರೆಗೆ ಸ್ಕೋಪಿನ ಪಕ್ಕದಲ್ಲಿರುವ ಫೋಕಸ್ ಗುಂಡಿಯನ್ನು ತಿರುಗಿಸಿ. ಗುಂಡಿಯ ಮೇಲೆ ಬರೆದ ದೂರವನ್ನು ನಂಬಬೇಡಿ.

ಫೀಲ್ಡ್ ಟಾರ್ಗೆಟ್ ಆಡುವವರು ಇದೇ ಗುಣವನ್ನು ಆಯುಧ ಮಾಡಿಕೊಂಡಿದ್ದಾರೆ. ಏರ್ ರೈಫಲ್ಲಿನಲ್ಲಿ ಸುಮಾರು 10ರಿಂದ 55 ಗಜದೊಳಗಿನ ಲೋಹದ ಗುರಿಗಳಿಗೆ ಹೊಡೆಯುವ ಆಟ ಅದು, ಲೇಸರ್ ದೂರಮಾಪಕ ನಿಷಿದ್ಧ. ವರ್ಧನೆ ಹೆಚ್ಚಾದಷ್ಟೂ ಫೋಕಸ್ಸಿನ ಆಳ ಕಡಿಮೆ, ಬಿಂಬ ಸ್ಪಷ್ಟವಾಗುವ ಜಾಗ ಒಂದೇ ಒಂದು. ಆದ್ದರಿಂದ ಪಕ್ಕದ ಗುಂಡಿಗೆ ತಟ್ಟೆಯಗಲದ ಚಕ್ರ ಕೂರಿಸಿ, ಅದರ ಅಂಚಿಗೆ ಪಟ್ಟಿ ಅಂಟಿಸಿ, ಒಂದೊಂದು ದೂರವನ್ನೂ ಕೈಯಿಂದ ಬರೆದುಕೊಳ್ಳುತ್ತಾರೆ. ಬಿಂಬ ಸ್ಪಷ್ಟವಾದಾಗ ಚಕ್ರ ತೋರಿಸುವುದೇ ದೂರ. ಇಲ್ಲಿ ಐವತ್ತು ಪಟ್ಟಿನ ವರ್ಧನೆಗೆ ನಿಜವಾದ ಕೆಲಸವಿದೆ. ಕಾಹ್ಲೆಸ್‌ನ 10–50ರಲ್ಲಿ ಈ ಆಟಕ್ಕೆಂದೇ ಮಾಡಿದ ಮಾದರಿಯೂ ಬಂದಿದೆ. ತೊಂದರೆಯೆಂದರೆ ಹವೆ ಬಿಸಿಯಾದಂತೆ ಗುರುತುಗಳು ಜರುಗುತ್ತವೆ. ಹಾಗಾಗಿ ಚಳಿಗೊಂದು ಪಟ್ಟಿ, ಸೆಕೆಗೊಂದು ಪಟ್ಟಿ ಇಟ್ಟುಕೊಳ್ಳುವವರೂ ಇದ್ದಾರೆ. ಸ್ಪ್ರಿಂಗ್ ಏರ್‌ಗನ್ ಇರುವವರಿಗೆ ಒಂದು ಕಿವಿಮಾತು: ಅದರ ಒದೆತ ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ. ದೊಡ್ಡ ಬಂದೂಕಿನ ಒದೆತ ತಾಳುವ ಸ್ಕೋಪೂ ಈ ಇಬ್ಬದಿಯ ಹೊಡೆತಕ್ಕೆ ಒಳಗಿನಿಂದ ಸಡಿಲವಾಗಬಹುದು. ಏರ್‌ಗನ್ನಿಗೆಂದೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ.

ಇನ್ನು ಜೋಡಣೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನಮ್ಮ ಆಟದಲ್ಲಿ ನೆಲ ನಿಜಕ್ಕೂ ಡೊಂಕಾಗಿರುವುದುಂಟು. ಗುಂಡುಗಳು ಚದುರಿದರೆ ಸ್ಕೋಪನ್ನು ಬೈಯುವ ಮೊದಲು, ಅದನ್ನು ರೈಫಲ್ಲಿಗೆ ಹಿಡಿದಿಡುವ ರಿಂಗಿನ ಸ್ಕ್ರೂ ನೋಡಿ. ಹೇಳಿದಷ್ಟೇ ಬಲದಲ್ಲಿ ಸ್ಕ್ರೂ ಬಿಗಿಯುವ ಟಾರ್ಕ್ ಡ್ರೈವರ್ ಎಂಬ ಚಿಕ್ಕ ಸಾಧನ, ನನ್ನ ದೃಷ್ಟಿಯಲ್ಲಿ ಈ ಸಲಕರಣೆಗಳಲ್ಲೇ ಅತಿ ಹೆಚ್ಚು ಪ್ರತಿಫಲ ಕೊಡುವಂಥದ್ದು. ರಿಂಗಿನ ಮೇಲ್ಮುಚ್ಚಳಕ್ಕೆ ಸಾಮಾನ್ಯವಾಗಿ 15–18 ಇಂಚ್-ಪೌಂಡ್ ಸಾಕು, ತಯಾರಕರು ಬೇರೆ ಹೇಳಿದ್ದರೆ ಅದೇ ಅಂತಿಮ. ಅಂದಾಜಿನಲ್ಲಿ ಬಿಗಿದವರು ಕೊಳವೆಯನ್ನೇ ಅಮುಕಿ, ಒಳಗಿನ ಚಲನೆಯನ್ನು ಬಿಗಿ ಹಿಡಿಸಿಬಿಡುತ್ತಾರೆ. ದೂರಕ್ಕೆ ಹೊಡೆಯುವವರು 20 ಎಂಒಎ ಇಳಿಜಾರಿನ ರೈಲನ್ನು (ರಿಂಗು ಕೂರುವ ಪಟ್ಟಿ) ಹಾಕಿಸಿ. ಒಟ್ಟು 60 ಎಂಒಎ ಓಡಾಟವಿರುವ ಸ್ಕೋಪಿನಲ್ಲಿ ಸಪಾಟು ರೈಲಿನ ಮೇಲೆ ಮೇಲಕ್ಕೆ ಸಿಗುವುದು ಸುಮಾರು 30. ಇಳಿಜಾರಿನ ಮೇಲೆ 50. 1000 ಗಜಕ್ಕೆ .308 ಅಳತೆಯ ಗುಂಡು ಕೇಳುವುದೇ 35–40. 34 ಮಿ.ಮೀ.ಯ ದಪ್ಪ ಕೊಳವೆಯ ಮುಖ್ಯ ಲಾಭವೂ ಈ ಓಡಾಟದ ಜಾಗವೇ. ಅದರಿಂದ ಬೆಳಕು ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ.

ಸ್ಕೋಪಿನ ಮೇಲೆ ಕೂರುವ ಪುಟ್ಟ ರಸಮಟ್ಟವನ್ನು ನೋಡಿ ನಗುವವರಿದ್ದಾರೆ. ಲೆಕ್ಕ ಕೇಳಿ: 10 ಮಿಲ್ ಏರಿಸಿ 900 ಮೀಟರಿಗೆ ಹೊಡೆಯುವಾಗ ರೈಫಲ್ 2 ಡಿಗ್ರಿ ವಾಲಿದರೆ ಗುಂಡು 31 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. 2 ಡಿಗ್ರಿ ವಾಲಿದ್ದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಎಲ್ಲರೂ ಅದನ್ನು ಗಾಳಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಉಳಿದ ಸಲಕರಣೆಗಳಲ್ಲಿ ಈಚಿನ ವರ್ಷಗಳ ನಿಜವಾದ ಹೊಸತು ಎಂದರೆ ಗುಂಡಿನ ವೇಗ ಅಳೆಯುವ ಪುಟಾಣಿ ರೇಡಾರ್. ಹಿಂದೆ ನಳಿಗೆಯ ಮುಂದೆ ಕಣ್ಣುಗಳಿರುವ ಪೆಟ್ಟಿಗೆ ನಿಲ್ಲಿಸಬೇಕಿತ್ತು. ಬೆಳಕು ಬದಲಾದರೆ ಓದುತ್ತಿರಲಿಲ್ಲ, ಪೆಟ್ಟಿಗೆಗೇ ಗುಂಡು ಹೊಡೆದವರ ಕಥೆ ಪ್ರತಿ ರೇಂಜಿನಲ್ಲೂ ಒಂದಾದರೂ ಇರುತ್ತದೆ. ನಳಿಗೆಗೆ ಕಟ್ಟುವ ಇನ್ನೊಂದು ಬಗೆ ಗುಂಡು ಬೀಳುವ ಜಾಗವನ್ನೇ ಬದಲಿಸುತ್ತಿತ್ತು. 2023ರಲ್ಲಿ ಬಂದ ಗಾರ್ಮಿನ್ ಝೀರೋ ಸಿ1 ಪ್ರೊ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಪಕ್ಕದಲ್ಲಿಟ್ಟರೆ ಸಾಕು. ಇದರ ಲಾಭ ವೇಗ ಗೊತ್ತಾಗುವುದಷ್ಟೇ ಅಲ್ಲ, ಮೂರು ಗುಂಡಿನ ಸರಾಸರಿ ನೋಡಿ ಬೀಗುವ ಚಟ ಬಿಡುತ್ತದೆ. ಇಪ್ಪತ್ತು ಗುಂಡಿನ ವ್ಯತ್ಯಾಸ ಕಣ್ಣೆದುರು ಬಂದಾಗ ಮದ್ದು ಗುಂಡಿನ ನಿಜಸ್ಥಿತಿ ತಿಳಿಯುತ್ತದೆ. .308ರಲ್ಲಿ ಸೆಕೆಂಡಿಗೆ 10 ಮೀಟರ್ ವೇಗ ಹೆಚ್ಚುಕಡಿಮೆಯಾದರೆ 1000 ಗಜದಲ್ಲಿ ಹತ್ತಿರ ಹತ್ತಿರ ಒಂದಡಿ ಮೇಲೆ ಕೆಳಗೆ.

ಎಲೆಕ್ಟ್ರಾನಿಕ್ ಗುರಿಹಲಗೆಗಳೂ ಹೀಗೆಯೇ. ಮೈಕ್ರೋಫೋನುಗಳು ಗುಂಡು ಹಾಯ್ದ ಸದ್ದಿನಿಂದ ಜಾಗ ಲೆಕ್ಕ ಹಾಕಿ ನಿಮ್ಮ ಮುಂದಿನ ಪರದೆಗೆ ಕಳಿಸುತ್ತವೆ. ಸ್ಕ್ಯಾಟ್‌ನಂಥ ತರಬೇತಿ ಸಾಧನಗಳು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಟ್ರಿಗರ್ ಒತ್ತುವ ಮೊದಲು ನಳಿಗೆ ಎಲ್ಲೆಲ್ಲಿ ಅಲೆದಾಡಿತು ಎಂಬುದನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತವೆ. ಸ್ಕೋಪಿಲ್ಲದ ಒಲಿಂಪಿಕ್ ಶೈಲಿಯವರಿಗೆ ನಾನು ಮೊದಲು ಹೇಳುವುದು ಇದನ್ನೇ. 10 ಮೀಟರಿನಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಪೆಲೆಟ್ಟೇ 4.5 ಮಿ.ಮೀ.; ಅಲ್ಲಿ ಕೊನೆಯ ಅರ್ಧ ಸೆಕೆಂಡಿನ ಗೆರೆ ಕಲಿಸುವಷ್ಟನ್ನು ಯಾವ ಹೊಸ ಉಂಗುರವೂ ಕಲಿಸದು. ಹಿಂದಿನ ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಒಂದಿದ್ದರೆ ಒಳ್ಳೆಯದು, ಬೆಳಕು ಬದಲಾದಾಗ ಅನುಕೂಲ. ಅದರ ಜೊತೆಗೆ ಏರ್ ಸಿಲಿಂಡರಿನ ಮೇಲೆ ಕೊರೆದಿರುವ ದಿನಾಂಕವನ್ನೂ ನೋಡಿಕೊಳ್ಳಿ. ತಯಾರಕರು ಹೇಳಿದ ಅವಧಿ ಮೀರಿದ ಸಿಲಿಂಡರಿಗೆ ಸ್ಪರ್ಧೆಯಲ್ಲಿ ಅನುಮತಿಯಿಲ್ಲ, ಅದು ನಿಮ್ಮದೇ ಜವಾಬ್ದಾರಿ.

ಕೈಯಲ್ಲಿ ಇಂತಿಷ್ಟೇ ಹಣವಿದ್ದರೆ ಯಾವುದು ಮೊದಲು ಅಂತ ಕೇಳುತ್ತೀರಿ, ಗೊತ್ತು. ಒಳ್ಳೆಯ ರಿಂಗು, ರಸಮಟ್ಟ, ಟಾರ್ಕ್ ಡ್ರೈವರ್ ಮೊದಲು. ಆಮೇಲೆ ತಿರುಗಿಸಿದಷ್ಟೇ ತಿರುಗುವ ಸ್ಕೋಪು, ವರ್ಧನೆ ಇಪ್ಪತ್ತೈದೇ ಇರಲಿ. ರೇಡಾರನ್ನು ನಾಲ್ಕು ಜನ ಸೇರಿ ಒಂದು ಕೊಂಡರೂ ನಡೆಯುತ್ತದೆ. ಉಳಿದ ಹಣಕ್ಕೆ ಒಂದೇ ಲಾಟಿನ ಗುಂಡು ತೆಗೆದಿಟ್ಟುಕೊಳ್ಳಿ. ಹೊರಗೆ ಮೇಜಿನ ಮೇಲೆ ಎರಡು ಸ್ಕೋಪುಗಳನ್ನು ಹಿಡಿಕೆಗೆ ಬಿಗಿದು ಇಟ್ಟಿದ್ದೇವೆ, ಒಂದರಲ್ಲಿ ಪ್ಯಾರಲಾಕ್ಸ್ ಬೇಕೆಂದೇ ಕೆಡಿಸಿದೆ. ಯಾವುದೆಂದು ನೀವೇ ತಲೆಯಾಡಿಸಿ ಕಂಡುಹಿಡಿಯಿರಿ. ಪ್ರಶ್ನೆಗಳಿದ್ದರೆ ಅಲ್ಲೇ ಕೇಳಿ.